ಔಡ್ ಎಗೆಡೆ-ನಿಸೆನ್: ಪರದೆಯ ಮೇಲೆ ನಟಿ ಕಾಣುತ್ತಾರೆ, ನಿರ್ಮಾಪಕಿ ಎಲ್ಲಿ?

ಧಾರವಾಡದ ಓದುಗರೊಬ್ಬರ ಪ್ರಶ್ನೆ: "ನಮ್ಮ ಕಾಲೇಜಿನ ಚಿತ್ರಸಮಾಜದಲ್ಲಿ ಫ್ರಿಟ್ಜ್ ಲಾಂಗ್ ಅವರ 'ಡಾಕ್ಟರ್ ಮಾಬುಸೆ' ಮೂಕಿಯ ಮೊದಲ ಭಾಗ ತೋರಿಸಿದೆವು. ನರ್ತಕಿ ಕಾರಾ ಕರೋಜಾ ಪಾತ್ರ ಮಾಡಿದ ನಾರ್ವೆಯ ಔಡ್ ಎಗೆಡೆ-ನಿಸೆನ್ ಎಲ್ಲರ ಮನಸ್ಸಿನಲ್ಲಿ ನಿಂತರು. ಅವರ ಮೇಲೆ ಎರಡು ದಿನದ ಕಾರ್ಯಕ್ರಮ ಮಾಡೋಣವೆಂದು ಹೊರಟರೆ ಅಂತರ್ಜಾಲದಲ್ಲಿ ಒಂದಕ್ಕೊಂದು ತಾಳೆಯಾಗದ ಮಾತುಗಳೇ ಸಿಗುತ್ತವೆ. ಬರ್ಲಿನ್‌ನಲ್ಲಿ ಸ್ವಂತ ಚಿತ್ರ ಕಂಪನಿ ಕಟ್ಟಿದ್ದರು ಎಂದು ಒಂದು ಕಡೆ ಇದೆ. ಅದು ಗಂಡನದು, ಇವರದು ಬರೀ ಹೆಸರು ಎಂದು ಇನ್ನೊಂದು ಕಡೆ. ದನಿ ಚೆನ್ನಾಗಿಲ್ಲದೆ ಟಾಕಿ ಬಂದಾಗ ಮೂಲೆಗುಂಪಾದರು, ಅವರ ಚಿತ್ರಗಳನ್ನು ನಾಜಿಗಳು ಸುಟ್ಟರು ಎಂದೂ ಓದಿದೆ. ಇವುಗಳಲ್ಲಿ ಯಾವುದು ನಿಜ? ಕರಪತ್ರದಲ್ಲಿ 'ನಿರ್ಮಾಪಕಿ' ಎಂದು ಹಾಕಬಹುದೇ? ಯಾವ ಚಿತ್ರ ತೋರಿಸುವುದು? ಹೋದ ಸಲ ಜನ ಓಡೋಡಿ ನಡೆಯುವಂತೆ ಕಂಡು ಹುಡುಗರು ನಕ್ಕರು. ಅದಕ್ಕೇನು ಮಾಡಬೇಕು?"

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಬೇರು ಒಂದೇ. ಇವತ್ತು ಕಣ್ಣಿಗೆ ಸಿಗುವುದು ಬೇರೆಯವರ ಚಿತ್ರಗಳಲ್ಲಿ ನಟಿಸಿದ ಔಡ್. ಚಿತ್ರ ಮಾಡಿಸಿದ ಔಡ್ ಸಿಗುವುದಿಲ್ಲ. ಕಾಣದ್ದನ್ನು ಅಚ್ಚು ಹಾಕುವುದು ಹೇಗೆ ಎಂಬುದು ನಿಮ್ಮ ಅಳುಕು. ಧೈರ್ಯವಾಗಿ ಹಾಕಿ. 'ನಿರ್ಮಾಪಕಿ' ಎಂಬ ಪದ ಕರಪತ್ರದಲ್ಲಿ ಇರಲೇಬೇಕು. ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಔಡ್ ಹುಟ್ಟಿದ್ದು 1893ರ ಮೇ 30ರಂದು, ಬರ್ಗೆನ್‌ನಲ್ಲಿ. ತಂದೆ ಆಡಂ ಎಗೆಡೆ-ನಿಸೆನ್ ನಾರ್ವೆಯ ಉತ್ತರದ ತುದಿಯ ವಾರ್ಡೋದಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದವರು, ಸಮಾಜವಾದಿ, ಮುಂದೆ ನಾರ್ವೆಯ ಕಮ್ಯುನಿಸ್ಟ್ ಪಕ್ಷದ ಅಧ್ಯಕ್ಷರೂ ಆದರು. ಮನೆ ತುಂಬ ಮಕ್ಕಳು. ಅವರಲ್ಲಿ ಹಲವರು ರಂಗಭೂಮಿ ಸೇರಿದರು. ತಂಗಿಯರಾದ ಗೆರ್ಡ್ ಮತ್ತು ಆಡಾ ನಮ್ಮ ಕಥೆಗೆ ಮುಖ್ಯ. ಗೆರ್ಡ್ ಮುಂದೆ ಕವಿ ನೂರ್ದಾಲ್ ಗ್ರೀಗ್ ಅವರನ್ನು ಮದುವೆಯಾಗಿ ಗೆರ್ಡ್ ಗ್ರೀಗ್ ಎಂದೂ, ಆಡಾ ಅವರು ಆಡಾ ಕ್ರಾಮ್ ಎಂದೂ ಹೆಸರಾದರು. ಮೂವರನ್ನೂ ಒಬ್ಬರೇ ಎಂದುಕೊಳ್ಳಬೇಡಿ, ಹುಷಾರು.

ಔಡ್ ರಂಗದ ನಟಿಯಾಗಿ ಶುರುಮಾಡಿದವರು. ಸಿನಿಮಾಕ್ಕೆ ಬಂದದ್ದು 1913ರಲ್ಲಿ, ಕೋಪನ್‌ಹೇಗನ್‌ನಲ್ಲಿ. ನೊಬೆಲ್ ಪಡೆದ ಸಾಹಿತಿ ಬ್ಯೋರ್ನ್‌ಸನ್ ಅವರ ಮಗ ಬ್ಯೋರ್ನ್ ಬ್ಯೋರ್ನ್‌ಸನ್ ನಿರ್ದೇಶಿಸಿದ ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ನಾರ್ವೆಯವರು ನಾರ್ವೆಯಲ್ಲೇ ಯಾಕೆ ನಟಿಸಲಿಲ್ಲ ಎಂದು ನಿಮ್ಮ ಹುಡುಗರು ಕೇಳಬಹುದು. ಅಲ್ಲಿ ಆಗ ಕಥಾಚಿತ್ರ ಮಾಡುವ ಉದ್ಯಮವೇ ಇರಲಿಲ್ಲ ಎನ್ನಬೇಕು. 1913ರ ಕಾನೂನು ಚಿತ್ರಮಂದಿರಕ್ಕೆ ಪರವಾನಗಿ ಕೊಡುವ ಅಧಿಕಾರವನ್ನು ಪುರಸಭೆಗಳಿಗೆ ವಹಿಸಿತು. ಪುರಸಭೆಗಳು ಮಂದಿರಗಳನ್ನು ತಾವೇ ನಡೆಸತೊಡಗಿದವು. ಟಿಕೆಟ್ ಹಣ ಊರಿನ ಖಜಾನೆಗೆ ಹೋಯಿತೇ ಹೊರತು ಮತ್ತೆ ಚಿತ್ರ ತಯಾರಿಕೆಗೆ ಹರಿಯಲಿಲ್ಲ. ಪಕ್ಕದ ಡೆನ್ಮಾರ್ಕ್‌ನಲ್ಲಾದರೋ ಯುರೋಪಿಗೆಲ್ಲ ಚಿತ್ರ ಕಳಿಸುವ ಕಂಪನಿಗಳಿದ್ದವು. ಆಸ್ಟಾ ನೀಲ್ಸನ್ ಎಂಬ ಡೇನಿಷ್ ನಟಿ ಅದಾಗಲೇ ಬರ್ಲಿನ್ ಗೆದ್ದಾಗಿತ್ತು. 1914ರ ಹೊತ್ತಿಗೆ ಔಡ್ ಕೂಡ ಬರ್ಲಿನ್ ಸೇರಿದರು.

ಆಗಲೇ ಮೊದಲ ಮಹಾಯುದ್ಧ ಶುರುವಾಯಿತು. 1916ರ ಆರಂಭದಲ್ಲಿ ಜರ್ಮನಿ ಅನಗತ್ಯ ವಸ್ತುಗಳ ಆಮದು ನಿಲ್ಲಿಸಿತು, ಆ ಪಟ್ಟಿಯಲ್ಲಿ ಸಿನಿಮಾವೂ ಸೇರಿತು. ಫ್ರೆಂಚ್, ಇಟಾಲಿಯನ್ ಚಿತ್ರ ಬರುವ ದಾರಿ ಮುಚ್ಚಿತು. ಮಂದಿರಗಳಿಗೆ ಮಾತ್ರ ವಾರಕ್ಕೊಮ್ಮೆ ಹೊಸ ಚಿತ್ರ ಬೇಕೇ ಬೇಕು. ಬರ್ಲಿನ್‌ನಲ್ಲಿ ಸಣ್ಣ ಸಣ್ಣ ಚಿತ್ರ ಕಂಪನಿಗಳು ಮಳೆಗಾಲದ ಅಣಬೆಯಂತೆ ಎದ್ದದ್ದು ಈ ಕಾರಣಕ್ಕೆ. ಆಗ ವಿತರಕರು ಒಂದೊಂದು ಚಿತ್ರವನ್ನಲ್ಲ, ಒಬ್ಬ ತಾರೆಯ ಹೆಸರಿನ ಇಡೀ ಸರಣಿಯನ್ನೇ ಹಂಗಾಮಿಗೆ ಮುಂಚೆ ಕಾಯ್ದಿರಿಸುತ್ತಿದ್ದರು. ಮುಂಗಡ ಹಣ ಬರುತ್ತಿದ್ದದ್ದು ಆ ಹೆಸರಿನ ಮೇಲೆ. ಹಾಗಾಗಿ ಹೆಸರಿದ್ದ ನಟಿಗೆ ಒಂದು ಲೆಕ್ಕ ಹೊಳೆಯುತ್ತಿತ್ತು: ಬೇರೆಯವರಿಗೆ ಹೆಸರು ಕೊಟ್ಟು ಸಂಬಳ ಪಡೆಯುವ ಬದಲು ಕಂಪನಿಯನ್ನೇ ಆ ಹೆಸರಿನಲ್ಲಿ ತೆರೆದರೆ ಲಾಭವೂ ಕಥೆಯ ಆಯ್ಕೆಯೂ ಕೈಯಲ್ಲಿ ಉಳಿಯುತ್ತದೆ. ವಾಂಡಾ ಟ್ರಾಯ್‌ಮನ್ ಇದನ್ನು ಮೊದಲೇ ಮಾಡಿದ್ದರು. ಫೆರ್ನ್ ಆಂಡ್ರಾ ಮಾಡಿದರು, ಮುಂದೆ ಎಲೆನ್ ರಿಖ್ಟರ್ ಮಾಡಿದರು. 1917ರಲ್ಲಿ ಔಡ್, ಗೆರ್ಡ್ ಮತ್ತು ಆಡಾ ಮೂವರು ಸೇರಿ ಎಗೆಡೆ-ನಿಸೆನ್ ಫಿಲ್ಮ್ ಕಂಪನಿ ಕಟ್ಟಿದರು. ಔಡ್‌ಗೆ ಆಗ 24 ವರ್ಷವೂ ಸರಿಯಾಗಿ ತುಂಬಿರಲಿಕ್ಕಿಲ್ಲ. ಮೂರು-ನಾಲ್ಕು ವರ್ಷಗಳಲ್ಲಿ ಈ ಕಂಪನಿಯಿಂದ ಎರಡು ಡಜನ್‌ಗೂ ಮಿಕ್ಕಿ ಚಿತ್ರ ಬಂದವು.

ಈಗ 'ಗಂಡನ ಕಂಪನಿ' ಎಂಬ ಮಾತು. ಔಡ್ ಅವರ ಮೊದಲ ಗಂಡ, ನಟ ಗೆಯೋರ್ಗ್ ಅಲೆಕ್ಸಾಂಡರ್, ಈ ಕಂಪನಿಯ ಹಲವು ಚಿತ್ರಗಳನ್ನು ನಿರ್ದೇಶಿಸಿದರು. ಇದು ನಿಜ, ಮರೆಮಾಚಬೇಕಿಲ್ಲ. ಆದರೆ ನಿರ್ದೇಶಿಸುವುದು ಬೇರೆ, ನಿರ್ಮಿಸುವುದು ಬೇರೆ. ವಿತರಕರ ಮುಂದಿಟ್ಟ ಹೆಸರು ಅಲೆಕ್ಸಾಂಡರ್ ಅಲ್ಲ, ಎಗೆಡೆ-ನಿಸೆನ್. ತಾರೆಯರು ಮೂವರೂ ಆ ಮನೆಯ ಹೆಣ್ಣುಮಕ್ಕಳು. ಗಂಡ-ಹೆಂಡತಿ ಸೇರಿ ಕಟ್ಟಿದ ಕಂಪನಿಗಳ ವಿಚಾರದಲ್ಲಿ ಆ ಕಾಲದ ಬರಹಗಳು ಹೆಂಡತಿಯನ್ನು 'ತಾರೆ' ಎಂದೂ ಗಂಡನನ್ನು 'ಕಂಪನಿ' ಎಂದೂ ಗುರುತಿಸುವುದು ರೂಢಿಯಾಗಿತ್ತು. ನೀವು ಓದಿದ ಮಾತು ಅದೇ ರೂಢಿಯ ಬಾಲ. ಅದೇ ಹೊತ್ತಿಗೆ ಇನ್ನೊಂದು ಅತಿಗೂ ಹೋಗಬೇಡಿ. ಪ್ರತಿ ಚಿತ್ರದ ಪ್ರತಿ ನಿರ್ಧಾರ ಔಡ್ ಅವರದೇ ಎಂದು ಬರೆಯಲು ಆಧಾರವಿಲ್ಲ. 'ತಂಗಿಯರಾದ ಗೆರ್ಡ್, ಆಡಾ ಜತೆ ಸೇರಿ ಬರ್ಲಿನ್‌ನಲ್ಲಿ ಚಿತ್ರ ಕಂಪನಿ ಕಟ್ಟಿ ನಡೆಸಿದ ನಟಿ-ನಿರ್ಮಾಪಕಿ' ಎಂದು ಹಾಕಿದರೆ ಒಂದಕ್ಷರವೂ ಹೆಚ್ಚಾಗುವುದಿಲ್ಲ.

ಕಂಪನಿ 1920ರ ಸುಮಾರಿಗೆ ನಿಂತಿತು. ಅದನ್ನು ಹುಟ್ಟಿಸಿದ ಪರಿಸ್ಥಿತಿಯೇ ಆಗ ಕರಗುತ್ತಿತ್ತು. 1917ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳ ಮತ್ತು ಸೇನೆಯ ಬೆಂಬಲದಿಂದ 2.5 ಕೋಟಿ ಮಾರ್ಕ್ ಬಂಡವಾಳದ ಉಫಾ ಕಂಪನಿ ಹುಟ್ಟಿ, ಸ್ಟುಡಿಯೋ, ವಿತರಣೆ, ಮಂದಿರ ಮೂರನ್ನೂ ಒಂದೇ ಕೈಗೆ ತಂದಿತ್ತು. ಚಿತ್ರಗಳು ಉದ್ದವಾದವು, ಸೆಟ್ಟುಗಳು ದೊಡ್ಡವಾದವು, ಮಾರ್ಕ್ ಬೆಲೆ ಕುಸಿಯತೊಡಗಿತು. 1921ರಿಂದ ವಿದೇಶಿ ಚಿತ್ರಗಳಿಗೂ ಬಾಗಿಲು ಸ್ವಲ್ಪ ತೆರೆಯಿತು. ಮೂವರು ನಟಿಯರ ಹೆಸರಿನ ಬಲದಲ್ಲಿ ನಿಂತ ಕಂಪನಿಗೆ ಅಲ್ಲಿ ಜಾಗ ಉಳಿಯಲಿಲ್ಲ. ಔಡ್ ಮತ್ತೆ ಸಂಬಳದ ನಟಿಯಾದರು. ನಮಗೆ ಉಳಿದಿರುವ ಔಡ್ ಇವರೇ: ಎರ್ನ್ಸ್ಟ್ ಲುಬಿಟ್ಶ್ ಅವರ 'ಸುಮುರುನ್' ಮತ್ತು 'ಆನಾ ಬೋಲೈನ್' (ಎರಡೂ 1920), ಲಾಂಗ್ ಅವರ 'ಡಾಕ್ಟರ್ ಮಾಬುಸೆ' (1922), ಮುರ್ನೌ ಅವರ 'ಫಾಂಟಮ್' (1922), ಕಾರ್ಲ್ ಗ್ರೂನೆ ಅವರ 'ಡೀ ಸ್ಟ್ರಾಸೆ', ಅಂದರೆ 'ಬೀದಿ' (1923).

ಹಾಗಾದರೆ ಕಂಪನಿಯ ಚಿತ್ರಗಳು ಎಲ್ಲಿ ಹೋದವು? ಹೆಚ್ಚಿನವು ಉಳಿದಿಲ್ಲ, ಆದರೆ 'ನಾಜಿಗಳು ಸುಟ್ಟರು' ಎಂಬುದು ಅದಕ್ಕೆ ವಿವರಣೆಯಲ್ಲ. ನಾಜಿಗಳು ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಅಷ್ಟು ಹೊತ್ತಿಗೆ ಈ ಚಿತ್ರಗಳು ವ್ಯಾಪಾರದ ಮಟ್ಟಿಗೆ ಸತ್ತು ಹತ್ತು ವರ್ಷದ ಮೇಲಾಗಿತ್ತು. ಆಗಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಅದರೊಳಗೇ ಆಮ್ಲಜನಕ ಇರುವುದರಿಂದ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಕೊಳೆಯತೊಡಗಿದ ರೀಲು, ಮುಚ್ಚಿದ ಡಬ್ಬಿಯಲ್ಲಿ, 40 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ತಾನಾಗಿಯೇ ಹೊತ್ತಿಕೊಂಡದ್ದುಂಟು. ಇಂಥದ್ದನ್ನು ಇಟ್ಟುಕೊಳ್ಳಲು ಬೇರೆಯೇ ಕಟ್ಟಡ, ವಿಮೆ, ಬಾಡಿಗೆ ಬೇಕು. ಕಂಪನಿ ಮುಚ್ಚಿದ ಮೇಲೆ ಆ ಬಾಡಿಗೆ ಕಟ್ಟುವವರು ಯಾರು? ಊರಿಂದೂರಿಗೆ ತಿರುಗಿದ ಪ್ರಿಂಟು ಅಂಚಿನ ತೂತುಗಳು ಹರಿಯುವವರೆಗೆ ಓಡುತ್ತಿತ್ತು, ಆಮೇಲೆ ತೂಕಕ್ಕೆ ಮಾರಾಟ. ಫಿಲ್ಮಿನ ಮೇಲಿನ ಚಿತ್ರ ಮೂಡುವ ಪದರದಿಂದ (ಎಮಲ್ಷನ್) ಬೆಳ್ಳಿ ತೆಗೆದುಕೊಂಡು ಉಳಿದ ಪಟ್ಟಿಯನ್ನು ಕರಗಿಸಿ ವಾರ್ನಿಷ್ ಮಾಡುತ್ತಿದ್ದರು. ಕಾಯ್ದಿಡುವ ಸಂಸ್ಥೆಯೂ ಇರಲಿಲ್ಲ. ಜರ್ಮನಿಯ ಸರಕಾರಿ ಚಿತ್ರ ಭಂಡಾರ ಶುರುವಾದದ್ದೇ 1930ರ ದಶಕದ ನಡುವೆ. ಎರಡನೇ ಯುದ್ಧದ ಬಾಂಬು ಮತ್ತಷ್ಟು ಕಳೆಯಿತು, ಆದರೆ ಹೆಚ್ಚಿನ ನಷ್ಟ ಅದಕ್ಕೂ ಮುಂಚೆ, ಸದ್ದಿಲ್ಲದೆ, ಗುಜರಿ ಅಂಗಡಿಯಲ್ಲಿ ಆಗಿ ಹೋಗಿತ್ತು. ದೊಡ್ಡ ಹೆಸರಿನ ನಿರ್ದೇಶಕರಿಗೂ ಇದರಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಮುರ್ನೌ 1923ರಲ್ಲಿ ಔಡ್ ಅವರನ್ನಿಟ್ಟುಕೊಂಡು ಮಾಡಿದ 'ಡೀ ಆಸ್‌ಟ್ರೈಬುಂಗ್' ಕೂಡ ಇಲ್ಲವಾಗಿದೆ. ನಮ್ಮ ಮೊದಲ ಕನ್ನಡ ಟಾಕಿ, 1934ರ 'ಸತಿ ಸುಲೋಚನಾ'ದ ಪ್ರಿಂಟೂ ಸಿಗುವುದಿಲ್ಲ ಎಂಬುದನ್ನು ಇಲ್ಲಿ ಒಂದು ಸಾಲು ಹೇಳಿ, ಸಭಿಕರಿಗೆ ತಕ್ಷಣ ಮುಟ್ಟುತ್ತದೆ.

ದನಿಯ ಕಥೆಯನ್ನು ಬೇಗ ಮುಗಿಸೋಣ. ಔಡ್ ರಂಗದಿಂದ ಬಂದವರು, ರಂಗಕ್ಕೇ ಮರಳಿದರು. 1930ರ ದಶಕದಲ್ಲಿ ನಾರ್ವೆಗೆ ಹಿಂದಿರುಗಿ, 1937ರಲ್ಲಿ ಲೈಫ್ ಸಿಂಡಿಂಗ್ ಅವರ 'ಬ್ರಾ ಮೆನ್ನೆಸ್ಕರ್' ಎಂಬ ನಾರ್ವೇಜಿಯನ್ ಟಾಕಿಯಲ್ಲೂ ನಟಿಸಿದರು. ದನಿ ಸರಿಯಿಲ್ಲದವರು ಹಾಗೆ ಮಾಡಲಾರರು. ಟಾಕಿ ತಂದ ತೊಡಕು ದನಿಯದಲ್ಲ, ಭಾಷೆಯದು. ಮೂಕಿಯಲ್ಲಿ ನಾರ್ವೆಯವರು, ಡೇನರು, ಪೋಲೆಂಡಿನವರು ಬರ್ಲಿನ್‌ನಲ್ಲಿ ಸಲೀಸಾಗಿ ಜರ್ಮನ್ನರಾಗುತ್ತಿದ್ದರು. ಮಾತುಗಳನ್ನು ಬರೆದು ತೋರಿಸುವ ಟೈಟಲ್ ಕಾರ್ಡು ಬದಲಿಸಿದರೆ ಅದೇ ಚಿತ್ರ ಯಾವ ದೇಶಕ್ಕಾದರೂ ಹೋಗುತ್ತಿತ್ತು. ಮಾತು ಬಂದ ಮೇಲೆ ಉಚ್ಚಾರಣೆ ಮನೆ ಯಾವುದೆಂದು ಹೇಳಿಬಿಡುತ್ತದೆ. ಅವರು 1974ರ ನವೆಂಬರ್ 15ರಂದು ಓಸ್ಲೋದಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಎರಡು ದಿನ. 'ಡಾಕ್ಟರ್ ಮಾಬುಸೆ' ಎರಡೂ ಭಾಗ ಸೇರಿ ನಾಲ್ಕೂವರೆ ಗಂಟೆ. ಅರ್ಧ ತೋರಿಸಿದ್ದೀರಿ, ಉಳಿದರ್ಧ ತೋರಿಸದಿದ್ದರೆ ಕಾರಾಳ ಕಥೆ ಅಪೂರ್ಣ. ಮೊದಲ ಭಾಗದ ಎರಡು ದೃಶ್ಯಗಳನ್ನು ಮತ್ತೆ ಹಾಕಿ, ಅಲ್ಲಿಂದ ಎರಡನೇ ಭಾಗಕ್ಕೆ ಹೋಗಿ. ಒಂದು, ರಂಗದ ಮೇಲೆ ಉದ್ದ ಮೂಗಿನ ಎರಡು ಭಾರಿ ತಲೆಗಳ ನಡುವೆ ಆಕೆ ಕುಣಿಯುವ ದೃಶ್ಯ. ಇನ್ನೊಂದು, ಸೆರೆಮನೆಯಲ್ಲಿ ಬಾಯಿ ಬಿಡಿಸಲೆಂದು ಪೊಲೀಸರು ಕೌಂಟೆಸ್ ಟೋಲ್ಡ್ ಎಂಬ ಸಿರಿವಂತ ಹೆಂಗಸನ್ನು ಕೈದಿಯ ವೇಷದಲ್ಲಿ ಕಾರಾಳ ಕೋಣೆಗೆ ಬಿಡುವ ದೃಶ್ಯ. ಕುಣಿತದಲ್ಲಿ ಇಡೀ ಮೈ ಮಾತಾಡುತ್ತದೆ. ಸೆರೆಯಲ್ಲಿ ಔಡ್ ಹೆಚ್ಚು ಕದಲುವುದೇ ಇಲ್ಲ. ತನ್ನನ್ನು ಬಳಸಿ ಬಿಸಾಡಿದ ಪಾತಕಿ ಮಾಬುಸೆಯ ಮೇಲಿನ ಪ್ರೀತಿಯನ್ನು ಆಕೆ ಹೇಳಿಕೊಂಡಾಗ, ಗುಟ್ಟು ಕದಿಯಲು ಬಂದ ಕೌಂಟೆಸ್ಸೇ ಕರಗಿ ಪೊಲೀಸರ ಕೆಲಸ ತನ್ನಿಂದಾಗದು ಎನ್ನುತ್ತಾಳೆ. ಆ ತಿರುವನ್ನು ನಂಬಿಸುವ ಹೊರೆಯೆಲ್ಲ ಔಡ್ ಅವರ ಮುಖದ ಮೇಲಿದೆ. ಮೂಕಿಯ ನಟನೆ ಎಂದರೆ ಕಣ್ಣು ಅರಳಿಸಿ ಎದೆ ಬಡಿದುಕೊಳ್ಳುವುದು ಎಂದುಕೊಂಡ ಹುಡುಗರಿಗೆ ಇದನ್ನು ತೋರಿಸಲೇಬೇಕು. ಇದೇ ಚಿತ್ರದಲ್ಲಿ ಮಾಬುಸೆಯ ಅಪ್ಪಣೆಯಂತೆ ಕಾರಾ ಬಲೆಗೆ ಬೀಳಿಸುವ ಯುವಕನಾಗಿ ನಟಿಸಿದ ಪಾಲ್ ರಿಖ್ಟರ್, ಮುಂದೆ ಔಡ್ ಅವರ ಎರಡನೇ ಗಂಡ. ನಾರ್ವೆಯ ಕಾಗದಪತ್ರಗಳಲ್ಲಿ 'ಔಡ್ ರಿಖ್ಟರ್' ಎಂದು ಕಂಡರೆ ಬೇರೆಯವರೆಂದು ಬಿಡಬೇಡಿ.

ಎರಡನೇ ದಿನಕ್ಕೆ 'ಬೀದಿ'. ಟೈಟಲ್ ಕಾರ್ಡುಗಳು ತೀರ ಕಡಿಮೆ, ಹಾಗಾಗಿ ಭಾಷೆಯ ತೊಂದರೆಯಿಲ್ಲ. ಮನೆಯ ಬೇಸರ ತಾಳದೆ ರಾತ್ರಿ ಬೀದಿಗಿಳಿದ ಮಧ್ಯವಯಸ್ಕ ಗೃಹಸ್ಥನ ಕಥೆ ಇದು. ಅವನನ್ನು ಸೆಳೆಯುವ ಬೀದಿ ಹೆಣ್ಣು ಔಡ್. ಇಡೀ ರಸ್ತೆಯನ್ನು ಸ್ಟುಡಿಯೋದಲ್ಲೇ ಕಟ್ಟಿದ್ದರು; ಕನ್ನಡಕದಂಗಡಿಯ ಬೋರ್ಡಿನ ಎರಡು ಕಣ್ಣುಗಳು ಆ ಗೃಹಸ್ಥನ ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಬೆಳಗುವುದನ್ನು ಗಮನಿಸಲು ಹೇಳಿ. 'ಫಾಂಟಮ್'ನಲ್ಲಿ ಔಡ್ ನಾಯಕನ ತಂಗಿ, 'ಆನಾ ಬೋಲೈನ್'ನಲ್ಲಿ ಜೇನ್ ಸೀಮರ್. ಎರಡೂ ಒಳ್ಳೆಯ ಚಿತ್ರಗಳೇ, ಆದರೆ ಔಡ್ ಅವರನ್ನು ನೋಡಲೆಂದು ಬಂದವರಿಗೆ ಪಾಲು ಕಡಿಮೆ.

ಯಾವ ಆವೃತ್ತಿ ಎಂಬುದರಲ್ಲೇ ಹೆಚ್ಚು ಎಡವಟ್ಟು ಆಗುವುದು. ಮಾಬುಸೆಯ ಎರಡು ಭಾಗ ಸೇರಿಸಿ ಒಂದೇ ಚಿತ್ರವಾಗಿ ಕತ್ತರಿಸಿದ ವಿದೇಶಿ ಆವೃತ್ತಿಗಳಿವೆ. ಒಟ್ಟು ಅವಧಿ ನಾಲ್ಕು ಗಂಟೆಗಿಂತ ತೀರ ಕಡಿಮೆ ಇದ್ದರೆ ಮುಟ್ಟಬೇಡಿ. ಓಡೋಡಿ ನಡೆಯುವ ತೊಂದರೆಗೆ ಕಾರಣ ವೇಗ. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ 16ರಿಂದ 20ರ ಆಸುಪಾಸು ಚೌಕಟ್ಟು (ಫ್ರೇಮ್). ಅದನ್ನು ಹಾಗೇ 24 ಅಥವಾ 25ರ ವೀಡಿಯೋಕ್ಕೆ ಇಳಿಸಿದರೆ ಎಲ್ಲರೂ ಓಡುತ್ತಾರೆ. ಲೆಕ್ಕ ಸುಲಭ: 35 ಮಿ.ಮೀ. ಫಿಲ್ಮಿನಲ್ಲಿ ಮೀಟರಿಗೆ ಹೆಚ್ಚುಕಡಿಮೆ 52 ಚೌಕಟ್ಟು. 2,000 ಮೀಟರಿನ ಚಿತ್ರ 16ರ ವೇಗದಲ್ಲಿ 109 ನಿಮಿಷ, 18ರಲ್ಲಿ 97, 20ರಲ್ಲಿ 88, 24ರಲ್ಲಿ 73 ನಿಮಿಷ ಓಡುತ್ತದೆ. ಜರ್ಮನ್ ಸೆನ್ಸಾರ್ ದಾಖಲೆಗಳು ಉದ್ದವನ್ನು ಮೀಟರಿನಲ್ಲೇ ಕೊಡುತ್ತವೆ. ಆ ಅಂಕಿಯನ್ನು ನಿಮ್ಮ ವೀಡಿಯೋದ ಅವಧಿಯ ಪಕ್ಕ ಇಟ್ಟರೆ ವೇಗ ತಪ್ಪಿದೆಯೋ, ದೃಶ್ಯಗಳೇ ಹೋಗಿವೆಯೋ ಎಂಬುದರ ಸುಳಿವು ಸಿಗುತ್ತದೆ. ನೋಡಿಯೇ ತಿಳಿಯಬೇಕೆಂದರೆ ಸಿಗರೇಟಿನ ಹೊಗೆ, ಲೋಟಕ್ಕೆ ಸುರಿಯುವ ವೈನು, ಮೆಟ್ಟಿಲಿಳಿಯುವ ಕಾಲು ಇವುಗಳನ್ನು ನೋಡಿ. ನಟರು ಬೇಗ ನಡೆದಾರು, ಹೊಗೆ ಬೇಗ ಏರುವುದಿಲ್ಲ.

ಸರಿಪಡಿಸುವುದು ಹೇಗೆ? ಕಂಪ್ಯೂಟರಿನ ಪ್ಲೇಯರಿನಲ್ಲಿ ವೇಗವನ್ನು 0.80ಕ್ಕೆ ಇಳಿಸಿದರೆ 25ರದ್ದು 20 ಆಗುತ್ತದೆ, 0.75ಕ್ಕೆ ಇಳಿಸಿದರೆ 24ರದ್ದು 18. ಹಾಗೆ ಮಾಡುವಾಗ ವೀಡಿಯೋದ ಸಂಗೀತ ಬಂದ್ ಮಾಡಿ, ಇಲ್ಲವಾದರೆ ಅದು ಎಳೆದಂತೆ ಕೇಳುತ್ತದೆ. ತೀರ ಇಳಿಸಿದರೂ ಕೆಡುಕೇ, ನೀರಿನೊಳಗೆ ನಡೆದಂತಾಗಿ ಸಭೆ ತೂಕಡಿಸುತ್ತದೆ. ಅಂದಿನ ಪ್ರೊಜೆಕ್ಟರ್‌ನವರು ಚಿತ್ರೀಕರಣಕ್ಕಿಂತ ತುಸು ಜೋರಾಗಿಯೇ ಓಡಿಸುತ್ತಿದ್ದುದರಿಂದ 'ಇದೊಂದೇ ಸರಿ' ಎಂಬ ವೇಗ ಇಲ್ಲ. ಅನುಮಾನವಿದ್ದರೆ ಹೆಚ್ಚಿನ ವೇಗದ ಕಡೆಗೇ ವಾಲಿ. ಪುನರುಜ್ಜೀವನಗೊಂಡ ಅಧಿಕೃತ ಡಿಸ್ಕ್ ಸಿಕ್ಕರೆ ಮಾತ್ರ ಏನನ್ನೂ ಮುಟ್ಟಬೇಡಿ, ವೇಗ ಅದರಲ್ಲಿ ಸರಿಮಾಡಿಯೇ ಇರುತ್ತದೆ.

ಜರ್ಮನ್ ಕಾರ್ಡುಗಳಿಗೆ ಕನ್ನಡ ಸಬ್‌ಟೈಟಲ್ ಹಾಕುವುದಾದರೆ ಹತ್ತು ಪದಕ್ಕೆ ಐದಾರು ಸೆಕೆಂಡು ಉಳಿಸಿ. ನನ್ನ ಒಲವು ಇನ್ನೊಂದು ಕಡೆಗೆ. ನಮ್ಮಲ್ಲಿ ಮೂಕಿಯ ಕಾಲದಲ್ಲಿ ಟೈಟಲುಗಳನ್ನು ಗಟ್ಟಿಯಾಗಿ ಓದಿ ಹೇಳುವವರಿರುತ್ತಿದ್ದರು. ಒಳ್ಳೆಯ ಕಂಠದ ಒಬ್ಬರನ್ನು ಮೈಕಿನ ಮುಂದೆ ಕೂರಿಸಿ, ಕಾರ್ಡಿನಲ್ಲಿರುವಷ್ಟೇ ಓದಿಸಿ, ವ್ಯಾಖ್ಯಾನ ಬೇಡ. ಜೀವಂತ ಸಂಗೀತ ಇಡುವುದಾದರೆ ವಾದಕರಿಗೆ ಚಿತ್ರವನ್ನು ಕಡೇಪಕ್ಷ ಎರಡು ಸಲ ತೋರಿಸಿ. ಪಾತ್ರಕ್ಕೊಂದು ಎಳೆಯಂತೆ ಮೂರು ಧಾಟಿ ಸಾಕು. ಬಾಗಿಲು ಬಡಿದದ್ದಕ್ಕೆಲ್ಲ ತಬಲಾ ಬಾರಿಸಿದರೆ ಮತ್ತೆ ನಗೆಯೇ ಗತಿ. ಸೆರೆಮನೆಯ ದೃಶ್ಯದಲ್ಲಿ ಒಂದೇ ವಾದ್ಯ ಇರಲಿ.

ಹಕ್ಕುಗಳ ವಿಷಯ. ಭಾರತದ ಕಾನೂನಿನಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯಿಂದ 60 ವರ್ಷ, ಹಾಗಾಗಿ 1922-23ರ ಮೂಲ ಚಿತ್ರಗಳಿಗೆ ಇಲ್ಲಿ ಅದು ಮುಗಿದಿದೆ. ಆದರೆ ಹೊಸ ಡಿಸ್ಕಿನಲ್ಲಿರುವ ಸಂಗೀತ ಈಚಿನದು, ಅದರ ಹಕ್ಕು ಜೀವಂತ. ಮನೆಯಲ್ಲಿ ನೋಡಲು ಕೊಂಡ ಡಿಸ್ಕನ್ನು ಸಭೆಯಲ್ಲಿ ತೋರಿಸಲು ಬೇರೆಯೇ ಅನುಮತಿ ಬೇಕು. ಲಾಂಗ್, ಮುರ್ನೌ ಚಿತ್ರಗಳಿಗೆ ವೀಸ್‌ಬಾಡೆನ್‌ನ ಫ್ರೀಡ್ರಿಖ್ ವಿಲ್‌ಹೆಲ್ಮ್ ಮುರ್ನೌ ಪ್ರತಿಷ್ಠಾನಕ್ಕೆ ಮಿಂಚಂಚೆ ಬರೆಯಿರಿ. ಅದಕ್ಕೂ ಮೊದಲು ಬೆಂಗಳೂರಿನ ಗೋಥೆ ಇನ್ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ವಿಚಾರಿಸಿ. ಟಿಕೆಟ್ ಇಲ್ಲದ ಶೈಕ್ಷಣಿಕ ಪ್ರದರ್ಶನಕ್ಕೆ ಅಲ್ಲಿಂದ ದಾರಿ ಸಿಗಬಹುದು. ಹೊರಗಿನವರನ್ನೂ ಕರೆಯುವುದಾದರೆ ಸೆನ್ಸಾರ್ ಪ್ರಮಾಣಪತ್ರದ ಪ್ರಶ್ನೆ ಏಳುತ್ತದೆ. ನಿಮ್ಮ ಸಂಘ ಚಿತ್ರಸಮಾಜಗಳ ಒಕ್ಕೂಟದಲ್ಲಿ ನೋಂದಣಿಯಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಅಂತರ್ಜಾಲದಿಂದ ಇಳಿಸಿ ತೋರಿಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ: ಚಿತ್ರ ಮಸುಕು, ವೇಗ ತಪ್ಪು, ಸಂಗೀತ ಯಾರದೋ.

ಕಡೆಯದಾಗಿ, ಪರದೆಗೆ ತರಲಾಗದ ನಿರ್ಮಾಪಕಿಯನ್ನು ಸಭಾಂಗಣದ ಗೋಡೆಗೆ ತನ್ನಿ. 1917ರಿಂದ 1920ರವರೆಗಿನ ಜರ್ಮನ್ ಚಿತ್ರೋದ್ಯಮ ಪತ್ರಿಕೆಗಳಲ್ಲಿ ಕಂಪನಿಗಳ ಜಾಹೀರಾತುಗಳು ಬರುತ್ತಿದ್ದವು, ಅಂಥ ಪತ್ರಿಕೆಗಳಲ್ಲಿ ಎಷ್ಟೋ ಈಗ ಡಿಜಿಟಲ್ ಆಗಿವೆ. ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದ ಪತ್ರಿಕಾ ಸಂಗ್ರಹವನ್ನೂ ಹುಡುಕಿ. ಹುಡುಕುವಾಗ ಹೆಸರನ್ನು ಅಡ್ಡಗೆರೆ ಹಾಕಿಯೂ ಹಾಕದೆಯೂ ಕೊಡಿ. ಹಳೆಯ ಜರ್ಮನ್ ಅಚ್ಚಿನಲ್ಲಿ ಪದದ ನಡುವಿನ 'ಎಸ್' ಅಕ್ಷರ ಉದ್ದವಾಗಿ 'ಎಫ್'ನಂತೆ ಕಾಣುವುದರಿಂದ ಕಂಪ್ಯೂಟರ್ 'ನಿಸೆನ್' ಎಂಬುದನ್ನು 'ನಿಫೆನ್' ಎಂದು ಓದಿರುತ್ತದೆ. ಎರಡು 'ಎಫ್' ಇರುವ ಆ ತಪ್ಪು ಕಾಗುಣಿತದಲ್ಲೂ ಹುಡುಕಿದರೆ ಮೊದಲು ಸಿಗದ ಪುಟಗಳು ಸಿಗುತ್ತವೆ. ಸಿಕ್ಕ ಜಾಹೀರಾತನ್ನು ಪೂರ್ತಿ ಪುಟವಾಗಿಯೇ ಅಚ್ಚು ತೆಗೆಸಿ, ಕಂಪನಿಯ ಹೆಸರು ಯಾವ ಗಾತ್ರದಲ್ಲಿದೆ, ನಿರ್ದೇಶಕರದು ಯಾವ ಗಾತ್ರದಲ್ಲಿದೆ ಎಂಬುದನ್ನು ಸಭಿಕರೇ ಹೋಲಿಸಿ ನೋಡಲಿ. ಚಿತ್ರದ ಹೆಸರು, ಎಷ್ಟು ಅಂಕ, ಎಷ್ಟು ಮೀಟರ್ ಎಂಬುದು ಕಂಡರೆ ಬರೆದಿಟ್ಟುಕೊಳ್ಳಿ. ಯಾವುದೋ ಭಂಡಾರದಲ್ಲಿ ಹೆಸರಿಲ್ಲದ ಒಂದು ರೀಲು ಸಿಕ್ಕಾಗ ಅದು ಯಾವ ಚಿತ್ರದ್ದೆಂದು ಗುರುತು ಹಿಡಿಯಲು ನೆರವಾಗುವುದು ಇಂಥ ವಿವರಗಳೇ.